ಪಿ.ಪಿ.ಆರ್. ರೋಗ

ಪಿ.ಪಿ.ಆರ್. ಎಂಬುದು ಮುಖ್ಯವಾಗಿ ಮೇಕೆ ಮತ್ತು ಕುರಿಗಳನ್ನು ಬಾಧಿಸುವ, ತೀವ್ರವಾಗಿ ಹರಡುವ ವೈರಾಣು ರೋಗವಾಗಿದೆ. 'ಪೆಸ್ತ್ ದೆ ಪೆತಿ ರ್ಯುಮಿನಾಂ' ಎಂಬ ಫ್ರೆಂಚ್ ಹೆಸರಿನ ಸಂಕ್ಷಿಪ್ತ ರೂಪವೇ ಪಿ.ಪಿ.ಆರ್. ಸಣ್ಣ ಗಾತ್ರದ, ಮೆಲುಕು ಹಾಕುವ ಪ್ರಾಣಿಗಳ ಪಿಡುಗು ಎಂಬುದು ಇದರ ಅರ್ಥ. ಇದನ್ನು ಮೇಕೆ ಪ್ಲೇಗ್ ಎಂದೂ, ಕರ್ನಾಟಕದಲ್ಲಿ ಹಿರೇಬೇನೆ ಎಂದೂ ಕರೆಯುವುದುಂಟು. ಹಿಂದೆ ಈ ರೋಗ ಬಾರದ ಮತ್ತು ಲಸಿಕೆ ಪಡೆಯದ ಮಂದೆಯಲ್ಲಿ ಬಹುತೇಕ ಎಲ್ಲ ಪ್ರಾಣಿಗಳಿಗೂ ಸೋಂಕು ತಗಲಬಹುದು. ಸೋಂಕಿತ ಪ್ರಾಣಿಗಳಲ್ಲಿ ಶೇಕಡ 50ರಿಂದ 90ರಷ್ಟು ಸಾಯುವ ಸಂಭವವಿದೆ. ಈ ರೋಗ ಮನುಷ್ಯರಿಗೆ ಹರಡುವುದಿಲ್ಲ.

2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಸುಮಾರು 14.9 ಕೋಟಿ ಮೇಕೆಗಳೂ 7.4 ಕೋಟಿ ಕುರಿಗಳೂ ಇದ್ದವು. ಇವುಗಳನ್ನು ಸಾಕುವವರಲ್ಲಿ ಹೆಚ್ಚಿನವರು ಸಣ್ಣ ರೈತರು, ಭೂಹೀನ ಕೃಷಿ ಕಾರ್ಮಿಕರು ಮತ್ತು ಅಲೆಮಾರಿ ಕುರಿಗಾರರು. ಕಷ್ಟಕಾಲದಲ್ಲಿ ಒಂದೆರಡನ್ನು ಮಾರಿ ಹಣ ಹೊಂದಿಸಿಕೊಳ್ಳಲು ಆಗುವುದರಿಂದ ಮೇಕೆಗಳು ಇಂತಹ ಕುಟುಂಬಗಳ ಉಳಿತಾಯವೂ ಹೌದು. ಪಿ.ಪಿ.ಆರ್. ರೋಗವು ಈ ಉಳಿತಾಯವನ್ನು ಒಂದೆರಡು ವಾರಗಳಲ್ಲಿ ಇಲ್ಲವಾಗಿಸಬಲ್ಲದು.

ಇತಿಹಾಸ

ಈ ರೋಗವನ್ನು ಮೊದಲ ಬಾರಿಗೆ 1942ರಲ್ಲಿ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಗಾರ್ಗಾಡೆನೆಕ್ ಮತ್ತು ಲಲಾನ್ ಎಂಬ ಪಶುವೈದ್ಯರು ವಿವರಿಸಿದರು. ಮೇಕೆಗಳಲ್ಲಿ ಕಂಡ ಲಕ್ಷಣಗಳು ದನಗಳ ರಿಂಡರ್‌ಪೆಸ್ಟ್ (ದೊಡ್ಡರೋಗ) ರೋಗವನ್ನು ಹೋಲುತ್ತಿದ್ದರೂ ಅವುಗಳ ಸಂಪರ್ಕದಲ್ಲಿದ್ದ ದನಗಳು ಕಾಯಿಲೆ ಬೀಳಲಿಲ್ಲ. ಇದರ ವೈರಾಣು ರಿಂಡರ್‌ಪೆಸ್ಟ್ ವೈರಾಣುವಿನ ಒಂದು ಬಗೆಯಲ್ಲ, ಬೇರೆಯೇ ಪ್ರಭೇದ ಎಂಬುದು 1970ರ ದಶಕದ ಕೊನೆಯಲ್ಲಿ ಖಚಿತವಾಯಿತು.

ಭಾರತದಲ್ಲಿ ಇದು ಮೊದಲು ವರದಿಯಾದದ್ದು 1987ರಲ್ಲಿ, ತಮಿಳುನಾಡಿನ ಇಂದಿನ ವಿಲ್ಲುಪುರಂ ಜಿಲ್ಲೆಯ ಅರಸೂರಿನಲ್ಲಿ. ಆರಂಭದಲ್ಲಿ ದಕ್ಷಿಣ ಭಾರತಕ್ಕೆ ಸೀಮಿತವೆಂದು ಭಾವಿಸಲಾಗಿದ್ದ ರೋಗವು 1994ರ ವೇಳೆಗೆ ಉತ್ತರ ಭಾರತದಲ್ಲಿಯೂ ಕಾಣಿಸಿಕೊಂಡಿತು. ಅನಂತರದ ದಶಕಗಳಲ್ಲಿ ಚೀನಾ, ಮೊರಾಕೊ, ಮಂಗೋಲಿಯಾ ಮೊದಲಾದ ದೇಶಗಳಿಗೂ ಹರಡಿತು. 2024ರಲ್ಲಿ ಗ್ರೀಸ್ ಮತ್ತು ರುಮೇನಿಯಾ ದೇಶಗಳಲ್ಲಿ ವರದಿಯಾಯಿತು.

ರೋಗಕಾರಕ

ಪಿ.ಪಿ.ಆರ್. ವೈರಾಣು ಪ್ಯಾರಾಮಿಕ್ಸೊವಿರಿಡೆ ಕುಟುಂಬದ ಮಾರ್ಬಿಲಿವೈರಸ್ ಕುಲಕ್ಕೆ ಸೇರಿದೆ. ಮನುಷ್ಯರ ದಡಾರ, ನಾಯಿಗಳ ಡಿಸ್ಟೆಂಪರ್ ಮತ್ತು ದನಗಳ ರಿಂಡರ್‌ಪೆಸ್ಟ್ ರೋಗಗಳ ವೈರಾಣುಗಳು ಇದೇ ಕುಲದವು. ಇದರ ಆನುವಂಶಿಕ ವಸ್ತು ಒಂಟಿ ಎಳೆಯ ಆರ್‌ಎನ್‌ಎ. ಅದರ ಸುತ್ತ ಕೊಬ್ಬಿನ ಅಂಶವುಳ್ಳ ಹೊರಪೊರೆಯಿದೆ. ಈ ಪೊರೆ ಬಿಸಿಲು, ಶಾಖ, ಸಾಬೂನು ಹಾಗೂ ಸಾಮಾನ್ಯ ಸೋಂಕುನಿವಾರಕಗಳಿಂದ ಬೇಗನೆ ಹಾಳಾಗುವುದರಿಂದ ವೈರಾಣು ಪ್ರಾಣಿಯ ದೇಹದ ಹೊರಗೆ ಹೆಚ್ಚು ಕಾಲ ಬದುಕುವುದಿಲ್ಲ. ಆದರೆ ತಣ್ಣಗಿಟ್ಟ ಅಥವಾ ಹೆಪ್ಪುಗಟ್ಟಿಸಿದ ಮಾಂಸದಲ್ಲಿ ದೀರ್ಘಕಾಲ ಉಳಿಯಬಲ್ಲದು.

ಈ ವೈರಾಣುವಿನಲ್ಲಿ ನಾಲ್ಕು ವಂಶಾವಳಿಗಳನ್ನು ಗುರುತಿಸಲಾಗಿದ್ದು, ಭಾರತದಲ್ಲಿ ಪ್ರಧಾನವಾಗಿ ಕಂಡುಬರುವುದು ನಾಲ್ಕನೆಯದು. ರೋಗನಿರೋಧಕತೆಯ ದೃಷ್ಟಿಯಿಂದ ಮಾತ್ರ ನಾಲ್ಕೂ ಒಂದೇ ಬಗೆಯವು. ಆದ್ದರಿಂದ ಒಂದು ವಂಶಾವಳಿಯಿಂದ ತಯಾರಿಸಿದ ಲಸಿಕೆ ಉಳಿದವುಗಳಿಂದಲೂ ರಕ್ಷಣೆ ನೀಡುತ್ತದೆ.

ಪ್ರಾಣಿಯಿಂದ ಪ್ರಾಣಿಗೆ ಹರಡುವ ಬಗೆ

ಸೋಂಕಿತ ಪ್ರಾಣಿಯ ಕಣ್ಣು, ಮೂಗು ಮತ್ತು ಬಾಯಿಯ ಸ್ರಾವಗಳಲ್ಲಿಯೂ ಮಲದಲ್ಲಿಯೂ ವೈರಾಣು ಹೇರಳವಾಗಿರುತ್ತದೆ. ಪ್ರಾಣಿಯು ಕೆಮ್ಮಿದಾಗ ಅಥವಾ ಸೀನಿದಾಗ ಹೊರಬೀಳುವ ಸೂಕ್ಷ್ಮ ಹನಿಗಳನ್ನು ಪಕ್ಕದ ಪ್ರಾಣಿ ಉಸಿರಾಡುವುದೇ ಸೋಂಕಿನ ಮುಖ್ಯ ಮಾರ್ಗ. ಸ್ರಾವಗಳಿಂದ ಮಲಿನವಾದ ಮೇವು, ನೀರಿನ ತೊಟ್ಟಿ ಮತ್ತು ನೆಲಹಾಸಿನ ಮೂಲಕವೂ ಅಲ್ಪ ಅವಧಿಯಲ್ಲಿ ಸೋಂಕು ದಾಟಬಹುದು. ವೈರಾಣು ಹೊರಗೆ ಬಹುಕಾಲ ಉಳಿಯದ ಕಾರಣ ರೋಗ ಹರಡಲು ಪ್ರಾಣಿಗಳ ನಡುವೆ ನಿಕಟ ಸಂಪರ್ಕ ಇರಲೇಬೇಕು. ರಾತ್ರಿ ಮಂದೆಯನ್ನು ಇಕ್ಕಟ್ಟಾದ ದೊಡ್ಡಿಯಲ್ಲಿ ಕೂಡುವುದು ಇಂತಹ ಸಂಪರ್ಕಕ್ಕೆ ಅವಕಾಶ ನೀಡುತ್ತದೆ.

ವೈರಾಣು ದೇಹ ಸೇರಿದ ಮೇಲೆ ಲಕ್ಷಣಗಳು ತೋರಲು ಸಾಮಾನ್ಯವಾಗಿ 4ರಿಂದ 6 ದಿನ ಬೇಕು. ಲಕ್ಷಣಗಳು ಸ್ಪಷ್ಟವಾಗುವ ಮೊದಲೇ ಪ್ರಾಣಿಯು ವೈರಾಣುವನ್ನು ಹೊರಹಾಕತೊಡಗುತ್ತದೆ. ನೋಡಲು ಆರೋಗ್ಯವಾಗಿರುವ ಮೇಕೆಯೂ ಹೀಗೆ ಸೋಂಕನ್ನು ಹೊಸ ಮಂದೆಗೆ ಒಯ್ಯಬಹುದು. ಗುಣಮುಖವಾದ ಪ್ರಾಣಿಯು ಆಜೀವ ಪರ್ಯಂತ ಸೋಂಕು ಹರಡುವ ವಾಹಕವಾಗಿ ಉಳಿಯುವುದಿಲ್ಲ.

ದನ, ಎಮ್ಮೆಗಳಿಗೆ ಸೋಂಕು ತಗಲಿದರೂ ಸಾಮಾನ್ಯವಾಗಿ ಅವು ಕಾಯಿಲೆ ಬೀಳುವುದಿಲ್ಲ, ಇತರ ಪ್ರಾಣಿಗಳಿಗೆ ಹರಡುವುದೂ ಇಲ್ಲ. ಕಾಡುಮೇಕೆ, ಜಿಂಕೆ ಜಾತಿಯ ಪ್ರಾಣಿಗಳಿಗೆ ಮಾತ್ರ ಇದು ಮಾರಕವಾಗಬಲ್ಲದು. 2016–17ರಲ್ಲಿ ಮಂಗೋಲಿಯಾದಲ್ಲಿ ಅಳಿವಿನಂಚಿನ ಸೈಗಾ ಹುಲ್ಲೆಗಳು ಸಾವಿರಾರು ಸಂಖ್ಯೆಯಲ್ಲಿ ಈ ರೋಗದಿಂದ ಸತ್ತವು.

ಮಂದೆಯಿಂದ ಮಂದೆಗೆ

ದೂರದ ಊರುಗಳಿಗೆ ರೋಗವನ್ನು ಸಾಗಿಸುವುದು ಗಾಳಿಯಲ್ಲ, ಪ್ರಾಣಿಗಳ ಸಂಚಾರ. ವಾರದ ಸಂತೆಗಳಲ್ಲಿ ಹಲವು ಊರುಗಳ ಮೇಕೆಗಳು ಒಂದೆಡೆ ಸೇರಿ, ಸಂಜೆಯ ವೇಳೆಗೆ ಬೇರೆ ಬೇರೆ ಊರುಗಳಿಗೆ ಹೋಗುತ್ತವೆ. ಮಾರಾಟವಾಗದ ಪ್ರಾಣಿಗಳು ಸೋಂಕಿನೊಂದಿಗೆ ತಮ್ಮ ಮಂದೆಗೆ ಮರಳಬಹುದು. ಹಬ್ಬಗಳಿಗೆ ಮುನ್ನ ವ್ಯಾಪಾರ ಹೆಚ್ಚಿದಾಗ ಈ ಅಪಾಯವೂ ಹೆಚ್ಚುತ್ತದೆ. ಮೇವು ನೀರನ್ನು ಅರಸಿ ವಲಸೆ ಹೋಗುವ ಮಂದೆಗಳು ದಾರಿಯ ಊರುಗಳ ಮಂದೆಗಳೊಂದಿಗೆ ಕೆರೆ, ಗೋಮಾಳಗಳಲ್ಲಿ ಬೆರೆಯುತ್ತವೆ. ದಕ್ಷಿಣೋತ್ತರವಾಗಿ ನೂರಾರು ಕಿಲೋಮೀಟರ್ ಸಾಗುವ ಲಾರಿ ಸಾಗಣೆಯಲ್ಲಿ ಇಕ್ಕಟ್ಟು ಮತ್ತು ದಣಿವು ಎರಡೂ ಸೇರಿ ಸೋಂಕಿಗೆ ಅನುಕೂಲ ಮಾಡಿಕೊಡುತ್ತವೆ.

ಕಾಯಿಲೆಯ ಸುಳಿವು ಸಿಕ್ಕ ಕೂಡಲೇ ನಷ್ಟ ತಪ್ಪಿಸಿಕೊಳ್ಳಲು ಪ್ರಾಣಿಗಳನ್ನು ಅಗ್ಗದ ಬೆಲೆಗೆ ಮಾರಿಬಿಡುವುದೂ ಹರಡುವಿಕೆಗೆ ಕಾರಣ. ಇದರಿಂದ ಒಂದು ಮನೆಯ ನಷ್ಟವು ಹಲವು ಊರುಗಳ ನಷ್ಟವಾಗಿ ಪರಿಣಮಿಸುತ್ತದೆ.

ಲಕ್ಷಣಗಳು

ವೈರಾಣು ಮೊದಲು ರೋಗನಿರೋಧಕ ಜೀವಕೋಶಗಳನ್ನೂ ಅನಂತರ ಶ್ವಾಸಮಾರ್ಗ ಹಾಗೂ ಕರುಳಿನ ಒಳಪದರವನ್ನೂ ಆಕ್ರಮಿಸುತ್ತದೆ. ಕಂಡುಬರುವ ಪ್ರಮುಖ ಲಕ್ಷಣಗಳು ಹೀಗಿವೆ:

• 40ರಿಂದ 41 ಡಿಗ್ರಿ ಸೆಲ್ಸಿಯಸ್‌ವರೆಗಿನ ಜ್ವರ, ಮಂಕು ಹಿಡಿಯುವುದು, ಮೇವು ಬಿಡುವುದು
• ಕಣ್ಣು, ಮೂಗುಗಳಿಂದ ಮೊದಲು ನೀರಿನಂತಹ, ಬಳಿಕ ಗಟ್ಟಿಯಾದ ಸ್ರಾವ. ಕಣ್ಣಿನಲ್ಲಿ ಗೀಜು ಕಟ್ಟುವುದು
• ಒಸಡು, ತುಟಿ ಮತ್ತು ನಾಲಿಗೆಯ ಮೇಲೆ ಹುಣ್ಣು, ಬಾಯಿಯಿಂದ ದುರ್ವಾಸನೆ
• ತೀವ್ರ ಭೇದಿ, ಕೆಮ್ಮು ಮತ್ತು ಉಸಿರಾಟದ ತೊಂದರೆ
• ಗಬ್ಬದ ಪ್ರಾಣಿಗಳು ಕಂದು ಹಾಕುವುದು

ನಿರೋಧಕ ಶಕ್ತಿ ಕುಗ್ಗುವುದರಿಂದ ಬ್ಯಾಕ್ಟೀರಿಯಾಗಳು ಸೇರಿಕೊಂಡು ನ್ಯುಮೋನಿಯಾ ಉಂಟಾಗುತ್ತದೆ. ತೀವ್ರ ಪ್ರಕರಣಗಳಲ್ಲಿ ಜ್ವರ ಬಂದ 5ರಿಂದ 10 ದಿನಗಳಲ್ಲಿ ಸಾವು ಸಂಭವಿಸುತ್ತದೆ. ತಾಯಿಯ ಗಿಣ್ಣುಹಾಲಿನಿಂದ ದೊರೆತ ರಕ್ಷಣೆ 3–4 ತಿಂಗಳಲ್ಲಿ ಕುಂದುವುದರಿಂದ, ಆ ವಯಸ್ಸು ದಾಟಿದ ಮರಿಗಳು ಹೆಚ್ಚು ಬಲಿಯಾಗುತ್ತವೆ.

ಪತ್ತೆ ಮತ್ತು ಚಿಕಿತ್ಸೆ

ನೀಲಿ ನಾಲಿಗೆ ರೋಗ, ಕಾಲುಬಾಯಿ ಜ್ವರ ಮತ್ತು ಇತರ ಶ್ವಾಸಕೋಶದ ಸೋಂಕುಗಳಲ್ಲಿಯೂ ಇಂತಹ ಕೆಲವು ಲಕ್ಷಣಗಳು ಕಾಣುವುದರಿಂದ ಪ್ರಯೋಗಾಲಯದ ಪರೀಕ್ಷೆ ಅಗತ್ಯ. ಎಲೈಸಾ ಮತ್ತು ಪಿ.ಸಿ.ಆರ್. ವಿಧಾನಗಳು ಬಳಕೆಯಲ್ಲಿವೆ. ವೈರಾಣುವನ್ನು ನೇರವಾಗಿ ಕೊಲ್ಲುವ ಔಷಧಿ ಬಳಕೆಯಲ್ಲಿಲ್ಲ. ಬ್ಯಾಕ್ಟೀರಿಯಾ ಸೋಂಕಿಗೆ ಪ್ರತಿಜೀವಕ, ಭೇದಿಯಿಂದ ನಷ್ಟವಾದ ನೀರಿಗೆ ದ್ರವೋಪಚಾರ ಮತ್ತು ಹುಣ್ಣುಗಳ ಶುಶ್ರೂಷೆಯಿಂದ ಕೆಲವು ಪ್ರಾಣಿಗಳನ್ನು ಉಳಿಸಬಹುದು.

ಲಸಿಕೆ ಮತ್ತು ನಿಯಂತ್ರಣ

ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆಗಳು ಲಭ್ಯವಿವೆ. ಆಫ್ರಿಕಾದಲ್ಲಿ 'ನೈಜೀರಿಯಾ 75/1' ಹೆಚ್ಚು ಬಳಕೆಯಲ್ಲಿದೆ. ಭಾರತದಲ್ಲಿ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯು ಅಭಿವೃದ್ಧಿಪಡಿಸಿದ 'ಸುಂಗ್ರಿ 96' ಪ್ರಮುಖವಾದುದು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿಯೂ ಪಿ.ಪಿ.ಆರ್. ಲಸಿಕೆ ತಯಾರಾಗುತ್ತದೆ. ಚರ್ಮದಡಿ ನೀಡುವ ಒಂದು ಮಿಲಿಲೀಟರ್ ಲಸಿಕೆ ಕನಿಷ್ಠ ಮೂರು ವರ್ಷ ರಕ್ಷಣೆ ನೀಡುತ್ತದೆ. ತಯಾರಿಕೆಯಿಂದ ಹಳ್ಳಿಯವರೆಗೂ ಲಸಿಕೆಯನ್ನು ತಣ್ಣಗೆ ಇಡದಿದ್ದರೆ ಅದರ ಶಕ್ತಿ ನಾಶವಾಗುತ್ತದೆ.

ಲಸಿಕೆ ಪಡೆದ ಮಂದೆಯೂ ಕಾಲಕ್ರಮದಲ್ಲಿ ಅಪಾಯಕ್ಕೆ ಒಳಗಾಗಬಹುದು. ಲಸಿಕೆ ಪಡೆದ ಪ್ರಾಣಿಗಳು ಮಾಂಸಕ್ಕಾಗಿ ಮಾರಾಟವಾಗುತ್ತವೆ. ಅವುಗಳ ಸ್ಥಾನದಲ್ಲಿ ರಕ್ಷಣೆಯಿಲ್ಲದ ಹೊಸ ಮರಿಗಳು ಬೆಳೆಯುತ್ತವೆ. ಆದ್ದರಿಂದ ಒಮ್ಮೆ ಇಡೀ ಮಂದೆಗೆ ಲಸಿಕೆ ಹಾಕಿದ ಮೇಲೂ, ವಯಸ್ಸಿಗೆ ಬಂದ ಮರಿಗಳಿಗೆ ಪ್ರತಿವರ್ಷ ಲಸಿಕೆ ಹಾಕಿಸಬೇಕಾಗುತ್ತದೆ. ಹೊಸದಾಗಿ ತಂದ ಪ್ರಾಣಿಗಳನ್ನು ಸುಮಾರು 21 ದಿನ ಪ್ರತ್ಯೇಕವಾಗಿರಿಸುವುದು, ಕಾಯಿಲೆ ಬಿದ್ದವುಗಳನ್ನು ಬೇರ್ಪಡಿಸಿ ಪಶುವೈದ್ಯರಿಗೆ ತಿಳಿಸುವುದು, ರೋಗವಿರುವ ಊರಿನಿಂದ ಪ್ರಾಣಿಗಳ ಮಾರಾಟ ನಿಲ್ಲಿಸುವುದು, ಸತ್ತವುಗಳನ್ನು ಸುಣ್ಣ ಹಾಕಿ ಆಳವಾಗಿ ಹೂಳುವುದು ಇತರ ಮುಖ್ಯ ಕ್ರಮಗಳಾಗಿವೆ.

ನಿರ್ಮೂಲನೆಯ ಪ್ರಯತ್ನ

ಸಮೀಪದ ಸಂಬಂಧಿಯಾದ ರಿಂಡರ್‌ಪೆಸ್ಟ್ ರೋಗವು ಜಗತ್ತಿನಿಂದ ನಿರ್ಮೂಲನೆಯಾಗಿದೆ ಎಂದು 2011ರಲ್ಲಿ ಘೋಷಿಸಲಾಯಿತು. ಪಿ.ಪಿ.ಆರ್. ವೈರಾಣುವಿಗೂ ಒಂದೇ ಲಸಿಕೆ ಸಾಕು, ದೀರ್ಘಕಾಲದ ವಾಹಕ ಪ್ರಾಣಿಗಳಿಲ್ಲ, ಪರಿಸರದಲ್ಲಿ ಅದು ಬಹುಕಾಲ ಉಳಿಯುವುದಿಲ್ಲ. ಈ ಕಾರಣಗಳಿಂದ ಇದನ್ನೂ ನಿರ್ಮೂಲ ಮಾಡಬಹುದೆಂದು ಪರಿಗಣಿಸಿ, 2015ರಲ್ಲಿ ಐವರಿ ಕೋಸ್ಟ್‌ನ ಅಬಿಜಾನ್‌ನಲ್ಲಿ ನಡೆದ ಸಮ್ಮೇಳನದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಗಳು 2030ನ್ನು ಗುರಿಯ ವರ್ಷವೆಂದು ನಿಗದಿಪಡಿಸಿದವು. ಭಾರತದಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮವು 2010ರಲ್ಲಿ ಆರಂಭವಾಗಿದ್ದು, ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಮೇಕೆಗಳ ಸಂತತಿ ಬೇಗನೆ ಬದಲಾಗುವುದು ಮತ್ತು ವಲಸೆ ಮಂದೆಗಳನ್ನು ಲಸಿಕೆಯ ದಿನದಂದು ತಲುಪಲು ಕಷ್ಟವಾಗುವುದು ಈ ಗುರಿಗೆ ಇರುವ ಮುಖ್ಯ ತೊಡಕುಗಳಾಗಿವೆ.