29 ನಿಮಿಷದ ಸಿಡಿಲು

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ... ಯಾವ ಊರಿಂದ ಬಸ್ ಹತ್ತಿದರೂ ಸರಿ, ಹಾಸನ ಬರುವಷ್ಟರಲ್ಲಿ ಪೂರ್ತಿ ಕೇಳಿ ಮುಗಿಸಬಹುದಾದ ಆಲ್ಬಂ ಒಂದಿದೆ. ಅಮೆರಿಕದ ಸ್ಲೇಯರ್ ತಂಡದ ‘ರೇನ್ ಇನ್ ಬ್ಲಡ್’. ಹತ್ತು ಹಾಡು, ಸುಮಾರು 29 ನಿಮಿಷ. 1986ರ ಅಕ್ಟೋಬರ್‌ನಲ್ಲಿ ಬಂದ ಇದು ಇಂದಿಗೂ ಥ್ರ್ಯಾಶ್ ಮೆಟಲ್ ಎಂದಾಕ್ಷಣ ಮೊದಲು ನೆನಪಾಗುವ ಹೆಸರುಗಳಲ್ಲೊಂದು. ಮುಂದೆ ಬಂದ ಡೆತ್ ಮೆಟಲ್ ತಂಡಗಳಿಗೂ ದಾರಿ ತೋರಿಸಿದ ಆಲ್ಬಂ.

ಮೊದಲ ಸಲ ಕೇಳಿದವರಿಗೆ ಇದು ಬರೀ ಗದ್ದಲ. ‘ಮಿಕ್ಸಿಗೆ ಕಲ್ಲು ಹಾಕ್ದಂಗಿದೆಯಲ್ಲೋ’ ಅಂತಾರೆ ನಮ್ಮಮ್ಮ. ಆದರೆ ಇಯರ್‌ಫೋನ್ ಹಾಕಿ ಗಮನವಿಟ್ಟು ಕೇಳಿ. ಡೇವ್ ಲೊಂಬಾರ್ಡೊ ಅವರ ಡ್ರಮ್ ಪೆಟ್ಟುಗಳು ಬಿಡಿಬಿಡಿಯಾಗಿ ಕಿವಿಗೆ ಬೀಳುತ್ತವೆ. ಅಷ್ಟು ವೇಗದಲ್ಲಿ ಇದು ಹೇಗೆ ಸಾಧ್ಯ?

ಊರ ಹಬ್ಬದ ತಮಟೆಯನ್ನೇ ನೆನಪಿಸಿಕೊಳ್ಳಿ. ಬಯಲಿನಲ್ಲಿ ಪ್ರತಿ ಪೆಟ್ಟೂ ಖಡಕ್. ಅದನ್ನೇ ಕಲ್ಯಾಣ ಮಂಟಪದೊಳಗೆ ಬಾರಿಸಿದರೆ ಪ್ರತಿಧ್ವನಿ ಸೇರಿ ಎಲ್ಲ ಕಲಸುಮೇಲೋಗರ. ನಿಮಿಷಕ್ಕೆ 200 ಪೆಟ್ಟು ಅಂದರೆ ಎರಡು ಪೆಟ್ಟಿನ ನಡುವೆ 0.3 ಸೆಕೆಂಡ್ ಮಾತ್ರ. ಒಂದು ಪೆಟ್ಟಿನ ಗುಂಗು ಒಂದು ಸೆಕೆಂಡ್ ಉಳಿದರೆ, ಅಷ್ಟರಲ್ಲಿ ಇನ್ನೂ ಮೂರು ಪೆಟ್ಟು ಬಂದು ಅದರ ಮೇಲೆ ಬಿದ್ದಿರುತ್ತವೆ.

ಸ್ಲೇಯರ್‌ನ ಹಿಂದಿನ ಆಲ್ಬಂ ‘ಹೆಲ್ ಅವೇಟ್ಸ್’ನಲ್ಲಿ ಹಾಡುಗಳೂ ಉದ್ದ, ಪ್ರತಿಧ್ವನಿಯೂ ಜಾಸ್ತಿ. ಹಿಪ್‌ಹಾಪ್‌ನಲ್ಲಿ ಹೆಸರು ಮಾಡಿದ್ದ ನಿರ್ಮಾಪಕ ರಿಕ್ ರೂಬಿನ್ ಮತ್ತು ಸೌಂಡ್ ಎಂಜಿನಿಯರ್ ಆಂಡಿ ವಾಲೆಸ್ ಈ ಸಲ ಆ ಗುಂಗನ್ನು ಹೆಚ್ಚುಕಡಿಮೆ ತೆಗೆದೇಬಿಟ್ಟರು. ಹೊಸದೇನನ್ನೋ ಸೇರಿಸಿದ್ದರಿಂದಲ್ಲ, ಬೇಡದ್ದನ್ನು ತೆಗೆದಿದ್ದರಿಂದ ಸ್ಲೇಯರ್‌ನ ಸದ್ದು ಹರಿತವಾಯಿತು.

ಕಹಿ ಸಂಗತಿಯೂ ಇದೆ. ಮೊದಲ ಹಾಡು ‘ಏಂಜೆಲ್ ಆಫ್ ಡೆತ್’ ನಾಜಿಗಳ ಆಶ್‌ವಿಟ್ಸ್ ಶಿಬಿರದಲ್ಲಿ ಕೈದಿಗಳ ಮೇಲೆ ಪ್ರಯೋಗ ಮಾಡಿದ ವೈದ್ಯ ಜೋಸೆಫ್ ಮೆಂಗೆಲೆ ಕುರಿತದ್ದು. ಕೊಲಂಬಿಯಾ ಕಂಪನಿ ಈ ಆಲ್ಬಂ ವಿತರಿಸಲು ಒಪ್ಪಲಿಲ್ಲ. ಕೊನೆಗೆ ಗೆಫೆನ್ ಮುಂದೆ ಬಂತು. ನಾಜಿ ಬೆಂಬಲಿಗರು ಎಂಬ ಆರೋಪವನ್ನು ತಂಡ ಅಲ್ಲಗಳೆಯಿತು. ಹಾಡು ಕ್ರೌರ್ಯವನ್ನು ವರ್ಣಿಸುತ್ತದೆ, ‘ಇದು ತಪ್ಪು’ ಎಂದು ಬಿಡಿಸಿ ಹೇಳುವುದಿಲ್ಲ. ಆ ಹೆಸರನ್ನು ಹುಡುಕಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಹಾಗಾಗಿ ಇದನ್ನು ಕೇಳಲೇಬೇಕೆಂದು ಯಾರನ್ನೂ ಒತ್ತಾಯಿಸಲಾರೆ.

ಇಷ್ಟು ದೂರದ ಸಂಗೀತಕ್ಕೂ ನಮಗೂ ಏನು ನಂಟು ಅನ್ನಬೇಡಿ. 2012ರ ಅಕ್ಟೋಬರ್‌ನಲ್ಲಿ ಸ್ಲೇಯರ್ ಬೆಂಗಳೂರಿಗೇ ಬಂದು ನುಡಿಸಿತ್ತು. ಆಗ ನಾನು ಪುಟ್ಟ ಹುಡುಗ. 1998ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಕ್ರಿಪ್ಟೋಸ್ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಮೆಟಲ್ ಉತ್ಸವದ ವೇದಿಕೆ ಏರಿತು.

ನಮ್ಮ ಓದಿನಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: ಪುಟ ತುಂಬಿಸು, ಮಾರ್ಕ್ಸ್ ಬರುತ್ತೆ. ಕೆಲಸ ಹುಡುಕುವಾಗ ರೆಸ್ಯೂಮೆಯೂ ಹಾಗೇ ಉಬ್ಬುತ್ತದೆ; ಎರಡು ದಿನದ ವರ್ಕ್‌ಶಾಪ್‌ಗೂ ಅದರಲ್ಲೊಂದು ಸಾಲು. ಓದುವವರಿಗೆ ನಮ್ಮ ನಿಜವಾದ ಕೆಲಸ ಆ ಗುಂಗಿನಲ್ಲಿ ಕೇಳಿಸುವುದಾದರೂ ಹೇಗೆ? ಸದ್ಯ ನನ್ನ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಯಾವ್ಯಾವ ಪುಟ ತೆಗೆಯಬಹುದು ಅಂತ ನೋಡುತ್ತಿದ್ದೇನೆ. ಗೈಡ್ ಒಪ್ಪುತ್ತಾರೋ ಇಲ್ಲವೋ, ಅದು ಬೇರೆ ಮಾತು!