ಸಾವಿರ ಯೂನಿಟ್ ಇನ್ಸುಲಿನ್‌ಗೂ ಜಗ್ಗದ ಸಕ್ಕರೆ!

ಮೆಡಿಕಲ್ ಶಾಪಿನಲ್ಲಿ ಸಿಗುವ ಹತ್ತು ಎಂ.ಎಲ್. ಇನ್ಸುಲಿನ್ ಬಾಟಲಿ ನೋಡಿದ್ದೀರಲ್ಲ? ಎಂ.ಎಲ್.ಗೆ 40ರ ಲೆಕ್ಕದಲ್ಲಿ ಅದರಲ್ಲಿರುವುದು 400 ಯೂನಿಟ್. ಅಂಥ ನಾಲ್ಕು ಬಾಟಲಿಯಷ್ಟು ಇನ್ಸುಲಿನ್ ಒಂದೇ ದಿನ ಮೈಗಿಳಿದರೂ ಸಕ್ಕರೆ ಇಳಿಯದವರಿದ್ದಾರೆ ಎಂದರೆ ನಂಬುತ್ತೀರಾ? ಇದ್ದಾರೆ! ಬಲು ಅಪರೂಪದ ಈ ಕಾಯಿಲೆಯ ಹೆಸರು ಟೈಪ್ ಬಿ ಇನ್ಸುಲಿನ್ ರೆಸಿಸ್ಟೆನ್ಸ್.

1970ರ ದಶಕದ ನಡುಭಾಗ. ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ರೊನಾಲ್ಡ್ ಕಾನ್, ಜೆಫ್ರಿ ಫ್ಲೈಯರ್, ಜೆಸ್ಸಿ ರಾತ್ ಮತ್ತು ಸಂಗಡಿಗರ ಮುಂದೆ ಇಂಥ ರೋಗಿಗಳಿದ್ದರು. ಕತ್ತು, ಕಂಕುಳಿನ ಚರ್ಮವೆಲ್ಲ ಕಪ್ಪಾಗಿ ದಪ್ಪಗಟ್ಟಿತ್ತು. ವಿಜ್ಞಾನಿಗಳು ಅವರ ಸೀರಮ್ ತೆಗೆದು ಬೇರೆ ಜೀವಕೋಶಗಳ ಜೊತೆ ಬೆರೆಸಿದರು. ಏನಾಶ್ಚರ್ಯ! ಆ ಜೀವಕೋಶಗಳಿಗೂ ಇನ್ಸುಲಿನ್ ಸರಿಯಾಗಿ ಅಂಟಿಕೊಳ್ಳಲಿಲ್ಲ. ತಡೆಯುತ್ತಿದ್ದದ್ದು ರೋಗಿಯ ರಕ್ತದೊಳಗಿನ ಪ್ರತಿಕಾಯಗಳು! ಮೈ ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ಜೀವಕೋಶದ ಇನ್ಸುಲಿನ್ ರಿಸೆಪ್ಟರ್ ಮೇಲೆ ಮುಗಿಬಿದ್ದಿತ್ತು.

ರಿಸೆಪ್ಟರ್ ಅನ್ನು ಮನೆಯ ಕಾಲಿಂಗ್ ಬೆಲ್ ಅಂದುಕೊಳ್ಳಿ. ಇನ್ಸುಲಿನ್ ಒತ್ತಲಾಗದಂತೆ ಪ್ರತಿಕಾಯ ಬೆಲ್ಲಿಗೆ ಅಡ್ಡಗಟ್ಟುತ್ತದೆ. ಇನ್ನೂ ವಿಚಿತ್ರವೆಂದರೆ, ಕೆಲವೊಮ್ಮೆ ಅದೇ ಪ್ರತಿಕಾಯ ಬೆಲ್ ಒತ್ತಿಬಿಡುತ್ತದೆ! ಆಗ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಒಂದೇ ಕಾಯಿಲೆ, ಎರಡು ತದ್ವಿರುದ್ಧ ಮುಖ.

ಮೈ ಜುಮ್ಮೆನ್ನಿಸುವ ಸಂಗತಿ ಮುಂದಿದೆ. ರೋಗ ತಂದ ಆ ಪ್ರತಿಕಾಯಗಳನ್ನೇ ಬಳಸಿ ಸಂಶೋಧಕರು ರಿಸೆಪ್ಟರ್ ಅನ್ನು ಹಿಡಿದು ಬೇರ್ಪಡಿಸಿದರು. ಇನ್ಸುಲಿನ್ ತಾಗಿದೊಡನೆ ರಿಸೆಪ್ಟರ್ ತನಗೆ ತಾನೇ ಫಾಸ್ಫೇಟ್ ಸೇರಿಸಿಕೊಂಡು ಚುರುಕಾಗುತ್ತದೆ ಎಂಬುದು 1982ರಲ್ಲಿ ಬೆಳಕಿಗೆ ಬಂದದ್ದು ಹೀಗೆ. ಕೈಬೆರಳೆಣಿಕೆಯ ರೋಗಿಗಳ ರಕ್ತ ನಮ್ಮೆಲ್ಲರ ಮೈಯೊಳಗಿನ ಗುಟ್ಟು ಬಿಟ್ಟುಕೊಟ್ಟಿತು!

ಚಿಕಿತ್ಸೆಯ ದಿಕ್ಕೂ ಬದಲಾಯಿತು. ಇನ್ಸುಲಿನ್ ಸುರಿಯುತ್ತಲೇ ಇರುವ ಬದಲು, ಪ್ರತಿಕಾಯ ತಯಾರಾಗುವ ಮೂಲಕ್ಕೇ ಕೈಹಾಕಬಾರದೇಕೆ? ಅದೇ ಸಂಸ್ಥೆಯ ಫಿಲಿಪ್ ಗಾರ್ಡನ್ ಅವರ ತಂಡ ರೋಗನಿರೋಧಕ ವ್ಯವಸ್ಥೆಯನ್ನು ತಗ್ಗಿಸುವ ಮದ್ದುಗಳಾದ ರಿಟುಕ್ಸಿಮ್ಯಾಬ್, ಸೈಕ್ಲೋಫಾಸ್ಫಮೈಡ್ ಮತ್ತು ಭಾರಿ ಪ್ರಮಾಣದ ಸ್ಟೀರಾಯ್ಡ್ ಒಟ್ಟುಗೂಡಿಸಿತು. ರೋಗ ಹತೋಟಿಗೆ ಬಂದ ಮೇಲೆ ಅದನ್ನು ಹಾಗೇ ಹಿಡಿದಿಡಲು ಅಜಾಥಯೋಪ್ರಿನ್ ಎಂಬ ಮದ್ದು. 2010ರಲ್ಲಿ ವರದಿಯಾದ ಏಳು ರೋಗಿಗಳಲ್ಲಿ ಏಳೂ ಮಂದಿಯ ರೋಗ ಶಮನವಾಯಿತು. 2018ರ ವರದಿಯಲ್ಲಿ 22 ಜನರ ಪೈಕಿ 19 ಮಂದಿ ಗೆದ್ದರು. ದಿನಕ್ಕೆ ಸಾವಿರಾರು ಯೂನಿಟ್ ಚುಚ್ಚಿಸಿಕೊಳ್ಳುತ್ತಿದ್ದವರು ಇನ್ಸುಲಿನ್ನನ್ನೇ ಬಿಟ್ಟರು!

ಲೂಪಸ್‌ನಂಥ ರೋಗನಿರೋಧಕ ವ್ಯವಸ್ಥೆಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ ಇರುವವರಲ್ಲಿ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಇನ್ಸುಲಿನ್ ಏರಿಸಿದಷ್ಟೂ ಸಕ್ಕರೆ ಬಗ್ಗದೆ, ತೂಕ ಇಳಿಯುತ್ತಾ, ಚರ್ಮ ಕಪ್ಪಾಗುತ್ತಿದ್ದರೆ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಎಂಡೋಕ್ರೈನಾಲಜಿಸ್ಟರನ್ನು ಕಂಡು ರಿಸೆಪ್ಟರ್ ವಿರುದ್ಧದ ಪ್ರತಿಕಾಯದ ಬಗ್ಗೆ ಕೇಳಿ. ಗುರುತು ಸಿಕ್ಕರೆ ಇದಕ್ಕೆ ಮದ್ದಿದೆ.