ರಜೆಯ ಸದಸ್ಯತ್ವ: ಸಹಿ ಹಾಕುವ ಮುನ್ನ

ವ್ಯವಹಾರದಲ್ಲಿ ಮೋಸ ಮಾಡಬಾರದು ಎಂಬುದನ್ನು ಜುಮಾ ಖುತ್ಬಾಗಳಲ್ಲಿ ನಾವು ಮತ್ತೆ ಮತ್ತೆ ಕೇಳುತ್ತೇವೆ. ಮೋಸ ಹೋಗದಂತೆ ಎಚ್ಚರ ವಹಿಸುವುದೂ ಅದೇ ಪಾಠದ ಇನ್ನೊಂದು ಭಾಗ. ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನ ಕುಟುಂಬಗಳು ಈಗ ಕೇಳುತ್ತಿರುವ ಒಂದು ಪ್ರಶ್ನೆಯನ್ನು ಈ ಬೆಳಕಿನಲ್ಲಿ ನೋಡೋಣ: ರೆಸಾರ್ಟ್ ಕಂಪನಿಗಳ ‘ಟೈಮ್‌ಶೇರ್’ ಸದಸ್ಯತ್ವ ಕೊಳ್ಳಬಹುದೇ?

ಏನಿದು?

ಒಮ್ಮೆ ದೊಡ್ಡ ಮೊತ್ತ ಕೊಟ್ಟರೆ ಹಲವು ವರ್ಷ, ಸಾಮಾನ್ಯವಾಗಿ 25 ವರ್ಷದವರೆಗೆ, ವರ್ಷಕ್ಕೊಂದು ವಾರ ಕಂಪನಿಯ ರೆಸಾರ್ಟ್‌ಗಳಲ್ಲಿ ತಂಗುವ ಹಕ್ಕು ಸಿಗುತ್ತದೆ. ಹೆಚ್ಚಿನ ಯೋಜನೆಗಳಲ್ಲಿ ಕೋಣೆಯಾಗಲಿ ಜಾಗವಾಗಲಿ ನಮ್ಮದಾಗುವುದಿಲ್ಲ. ಯುರೋಪಿನಲ್ಲಿ 1960ರ ದಶಕದಲ್ಲಿ ಹುಟ್ಟಿದ ಈ ಪದ್ಧತಿಯನ್ನು ನಮ್ಮ ದೇಶದಲ್ಲಿ ಸ್ಟರ್ಲಿಂಗ್, ಕ್ಲಬ್ ಮಹೀಂದ್ರದಂತಹ ಕಂಪನಿಗಳು ಬೆಳೆಸಿದವು.

ಶರೀಅತ್ ಏನನ್ನುತ್ತದೆ?

ವಸ್ತುವಿನ ಉಪಯೋಗವನ್ನು ನಿಗದಿತ ಅವಧಿಗೆ ಕೊಳ್ಳುವುದು ‘ಇಜಾರಾ’, ಅಂದರೆ ಬಾಡಿಗೆ ಕರಾರು. ಅದು ಹಲಾಲ್. 2007ರಲ್ಲಿ ಮಲೇಷಿಯಾದ ಪುತ್ರಜಾಯಾದಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಟೈಮ್‌ಶೇರ್ ಕರಾರನ್ನು ಚರ್ಚಿಸಿ, ಷರತ್ತುಗಳೊಂದಿಗೆ ಒಪ್ಪಿದೆ. ಮಕ್ಕಾದ ಝಮ್‌ಝಮ್ ಟವರ್‌ನಲ್ಲಿಯೂ 24 ವರ್ಷಗಳ ಅವಧಿಗೆ ವಾರಗಳ ಲೆಕ್ಕದಲ್ಲಿ ವಾಸದ ಹಕ್ಕನ್ನು ಮಾರಿದ್ದುಂಟು.

ಆದ್ದರಿಂದ ಹೆಸರನ್ನಲ್ಲ, ಕರಾರನ್ನು ನೋಡಬೇಕು. ಯಾವ ಕೋಣೆ, ಯಾವ ಕಾಲ, ಎಷ್ಟು ಹಣ ಎಂಬುದು ಸ್ಪಷ್ಟವಿರಬೇಕು. ‘ಎಲ್ಲಾದರೂ, ಖಾಲಿಯಿದ್ದರೆ’ ಎಂಬ ಮಾತಿನಲ್ಲಿ ‘ಗರರ್’, ಅಂದರೆ ನಿಷಿದ್ಧವಾದ ಅನಿಶ್ಚಿತತೆ ನುಸುಳುತ್ತದೆ. ಎರಡನೆಯದು ಕಂತು. ಮೊತ್ತವನ್ನು ಬಡ್ಡಿಯ ಇಎಂಐಗೆ ಹಾಕಿದರೆ, ರಜೆ ಹಲಾಲಾದರೂ ಅದರ ದಾರಿ ಹಲಾಲಾಗುವುದಿಲ್ಲ.

ಲೆಕ್ಕ ಹಾಕೋಣ

ಉದಾಹರಣೆಗೆ ಸದಸ್ಯತ್ವಕ್ಕೆ 4 ಲಕ್ಷ ರೂಪಾಯಿ, ವಾರ್ಷಿಕ ನಿರ್ವಹಣಾ ಶುಲ್ಕ 20 ಸಾವಿರ, ಅವಧಿ 25 ವರ್ಷ ಎಂದಿಟ್ಟುಕೊಳ್ಳಿ. ಶುಲ್ಕವೇ 5 ಲಕ್ಷವಾಗುತ್ತದೆ. ಒಟ್ಟು 9 ಲಕ್ಷ. ವರ್ಷಕ್ಕೆ 7 ರಾತ್ರಿಯಂತೆ 175 ರಾತ್ರಿ. ಒಂದು ರಾತ್ರಿಗೆ ಸುಮಾರು 5,140 ರೂಪಾಯಿ. ಇದು ಒಂದು ವರ್ಷವೂ ತಪ್ಪಿಸದೆ ಹೋದರೆ ಮಾತ್ರ. 12 ವರ್ಷ ಮಾತ್ರ ಹೋಗಲು ಸಾಧ್ಯವಾದರೆ ರಾತ್ರಿಗೆ 10,700 ದಾಟುತ್ತದೆ. ಹೋಗದ ವರ್ಷವೂ ಶುಲ್ಕ ಕಟ್ಟಲೇಬೇಕು, ಅದು ಏರುತ್ತಲೂ ಇರಬಹುದು. ತೆರಿಗೆ, ಊಟ, ಪ್ರಯಾಣ ಬೇರೆ. ಅದೇ ವಾರ ಅದೇ ಊರಿನ ಸಾಧಾರಣ ಹೋಟೆಲಿನ ಬಾಡಿಗೆ ವಿಚಾರಿಸಿ ಹೋಲಿಸಿದರೆ ಉತ್ತರ ತಾನಾಗಿ ಸಿಗುತ್ತದೆ.

ನಮ್ಮ ಬದುಕಿನ ಲೆಕ್ಕವೂ ಇದೆ. ಸಿರುಗುಪ್ಪದ ಭತ್ತದ ರೈತ ನಾಟಿ, ಕೊಯ್ಲಿನಲ್ಲಿ ಊರು ಬಿಡಲಾರ. ಜೀನ್ಸ್ ಹೊಲಿಗೆಯವರಿಗೆ ಹಬ್ಬದ ಮುಂಚಿನ ವಾರಗಳೇ ದುಡಿಮೆ. ಮಕ್ಕಳಿಗೆ ರಜೆ ಬೇಸಿಗೆ, ದಸರೆಯಲ್ಲಿ ಮಾತ್ರ. ಆ ವಾರಗಳು ದುಬಾರಿ ಸೀಸನ್. ಅಗ್ಗದ ಸದಸ್ಯತ್ವಕ್ಕೆ ಅವು ಸಿಗುವುದಿಲ್ಲ. ರಮಝಾನ್ ಪ್ರತಿವರ್ಷ 10-11 ದಿನ ಹಿಂದಕ್ಕೆ ಸರಿಯುತ್ತದೆ. 2037ರ ಸುಮಾರಿಗೆ ಅದು ಅಕ್ಟೋಬರಿಗೆ, ದಸರಾ ರಜೆಯ ದಿನಗಳಿಗೇ ಬರುತ್ತದೆ. 25 ವರ್ಷದ ಕರಾರಿಗೆ ಸಹಿ ಹಾಕುವಾಗ ಇದನ್ನು ಯಾರೂ ನೆನಪಿಸುವುದಿಲ್ಲ.

ಮಾರುವ ರೀತಿ

ಮಾಲ್‌ನಲ್ಲೋ ಪೆಟ್ರೋಲ್ ಬಂಕ್‌ನಲ್ಲೋ ತುಂಬಿದ ಚೀಟಿ, ಬಳಿಕ ‘ಬಹುಮಾನ ಬಂದಿದೆ, ಪತ್ನಿಯೊಂದಿಗೆ ಬನ್ನಿ’ ಎಂಬ ಕರೆ, ಹೋಟೆಲಿನಲ್ಲಿ ಗಂಟೆಗಟ್ಟಲೆ ಮಾತು, ಕೊನೆಗೆ ‘ಈ ದರ ಇವತ್ತು ಮಾತ್ರ’. ವ್ಯಾಪಾರದಲ್ಲಿ ಪದೇ ಪದೇ ಮೋಸ ಹೋಗುತ್ತಿದ್ದ ಸಹಾಬಿಯೊಬ್ಬರಿಗೆ, ಮೋಸವಿರಬಾರದೆಂಬ ಷರತ್ತು ಹಾಕಿಯೇ ಕೊಳ್ಳುವಂತೆ ಪ್ರವಾದಿವರ್ಯರು(ಸ) ಕಲಿಸಿದರು. ಮೂರು ದಿನ ಯೋಚಿಸಿ ಹಿಂದಿರುಗಿಸುವ ಹಕ್ಕಿನ ಉಲ್ಲೇಖವೂ ಹದೀಸ್‌ಗಳಲ್ಲಿದೆ. ಯುರೋಪಿನ ಇಂದಿನ ಕಾನೂನು ಟೈಮ್‌ಶೇರ್ ಕೊಂಡವರಿಗೆ 14 ದಿನ ಕೊಡುತ್ತದೆ. ನಮ್ಮಲ್ಲಿ ಟೈಮ್‌ಶೇರಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಆದ್ದರಿಂದ ಆ ಮೂರು ದಿನವನ್ನು ನಾವೇ ತೆಗೆದುಕೊಳ್ಳಬೇಕು: ಕರಾರಿನ ಪ್ರತಿ ಮನೆಗೆ ತಂದು, ತಿಳಿದವರಿಗೆ ಓದಿಸಿ, ಆಮೇಲೆ ತೀರ್ಮಾನಿಸಬೇಕು. ಪ್ರತಿ ಕೊಡಲು ಒಪ್ಪದಿದ್ದರೆ ಅಲ್ಲಿಗೇ ಎದ್ದು ಬನ್ನಿ.

‘ರಜೆಗೆ ಹೋಗದಿದ್ದರೆ ಲಾಭ ಸೇರಿಸಿ ಹಣ ವಾಪಸ್’ ಎಂದರೆ ಇನ್ನೂ ಎಚ್ಚರ. ರಾಯಲ್ ಟ್ವಿಂಕಲ್ ಸ್ಟಾರ್ ಕ್ಲಬ್‌ನ ಇಂತಹ ರಜಾ ಯೋಜನೆಗಳನ್ನು ಅನುಮತಿಯಿಲ್ಲದ ಹೂಡಿಕೆ ಯೋಜನೆಗಳೆಂದು ಪರಿಗಣಿಸಿ, ಹಣ ಮರಳಿಸುವಂತೆ 2015ರಲ್ಲಿ ಸೆಬಿ ಆದೇಶಿಸಿತು. ‘ಹಲಾಲ್’ ಎಂಬ ಮಾತನ್ನು ನಂಬಿ 2019ರಲ್ಲಿ ಬೆಂಗಳೂರಿನ ಐಎಂಎಯಲ್ಲಿ ಹತ್ತಾರು ಸಾವಿರ ಕುಟುಂಬಗಳು ಕಳೆದುಕೊಂಡದ್ದನ್ನು ಮರೆಯುವಂತಿಲ್ಲ.

ಈಗಾಗಲೇ ಸಿಲುಕಿದ್ದರೆ

ಸೂರಾ ಅಲ್‌ಬಕರಾದ 282ನೇ ಆಯತ್ ಸಾಲದ ವ್ಯವಹಾರವನ್ನು ಬರೆದಿಡಲು ಆಜ್ಞಾಪಿಸುತ್ತದೆ. ಆ ಬರವಣಿಗೆಯೇ ಈಗ ಆಸರೆ. ರಸೀದಿ, ಕರಾರು, ಸಂದೇಶಗಳನ್ನು ಜೋಪಾನ ಮಾಡಿ. ರದ್ದತಿಯ ಕೋರಿಕೆಯನ್ನು ಬಾಯಿಮಾತಿನಲ್ಲಿ ಬಿಡದೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಹೈದರಾಬಾದಿನದಿರಲಿ, ಮುಂಬೈನದಿರಲಿ, ಕುರುಗೋಡಿನವರು ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಬಂದರೆ ಸಾಕು. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಆದರೆ ಎರಡು ವರ್ಷದೊಳಗೆ ಕೊಡಬೇಕು.

ನಮ್ಮ ಅಭಿಪ್ರಾಯ

ಕುಟುಂಬದೊಂದಿಗೆ ಪ್ರವಾಸ ಹೋಗುವುದು ತಪ್ಪಲ್ಲ. ಅಲ್ಲಾಹನ ಸೃಷ್ಟಿಯನ್ನು ನೋಡಿ ಬರುವುದು ಒಳ್ಳೆಯದೇ. ಪ್ರತಿವರ್ಷ ತಪ್ಪದೆ ಹೋಗುವ, ಸಾಲವಿಲ್ಲದೆ ಪೂರ್ತಿ ಹಣ ಕಟ್ಟಬಲ್ಲ ಕೆಲವರಿಗೆ ಈ ಸದಸ್ಯತ್ವ ಹೊಂದಬಹುದು. ನಮ್ಮಲ್ಲಿ ಹೆಚ್ಚಿನವರಿಗೆ ಅದು ಬೇಡ. ನಾಲ್ಕು ಲಕ್ಷವೆಂದರೆ ಹಜ್ ಸಮಿತಿಯ ಮೂಲಕ ಒಬ್ಬರು ಹಜ್ ಮಾಡುವ ಖರ್ಚಿಗೆ ಹತ್ತಿರದ ಮೊತ್ತ. ಒಬ್ಬ ಮಗಳ ಕಾಲೇಜು ಓದಿಗೂ ಆಸರೆಯಾಗುವ ಮೊತ್ತ. ತಿಂಗಳಿಗೆ ಸಾವಿರ ರೂಪಾಯಿ ಎತ್ತಿಟ್ಟರೆ ವರ್ಷಕ್ಕೊಮ್ಮೆ ಮನೆಯವರೆಲ್ಲ ಎರಡು ದಿನ ಹೊರಗೆ ಹೋಗಿ ಬರಬಹುದು, ಯಾರಿಗೂ ಸಹಿ ಹಾಕಿ ಕೊಡದೆ.

ಅಲ್ಲಾಹನು ನಮ್ಮ ಗಳಿಕೆಯಲ್ಲಿ ಬರಕತ್ತನ್ನೂ ಖರ್ಚಿನಲ್ಲಿ ವಿವೇಕವನ್ನೂ ದಯಪಾಲಿಸಲಿ. ಆಮೀನ್.